ಪುಟ್ಟಿ ಇನ್ನೂ ನಡೀತಿಲ್ವಾ?

1/4

ಫ್ರೆಂಡ್ಸ್, ಮನೇಲಿ ವರ್ಷ ತುಂಬಿದ ಮಗು ಇದ್ರೆ ಬಂದೋರೆಲ್ಲ ಕೇಳೋ ಪ್ರಶ್ನೆ ಒಂದೇ: "ನಡೀತಾಳಾ?" ಊಟ ಆಯ್ತಾ ಅಂತ ಕೇಳಿದಷ್ಟೇ ಸಲೀಸು. ಆದ್ರೆ ಆ ಪ್ರಶ್ನೆ ಯಾರ ಮೇಲೆ ಬೀಳುತ್ತೆ ಅಂತ ಗಮನಿಸಿದೀರಾ? ಮಗು ಮೇಲಲ್ಲ, ಅಮ್ಮನ ಮೇಲೆ.

ನಮ್ಮಕ್ಕನ ಮಗಳಿಗೆ ಈಗ 13 ತಿಂಗಳು. ಇಲ್ಲಿ ಪುಟ್ಟಿ ಅಂತಾನೇ ಕರೀತೀನಿ, ನಿಜವಾದ ಹೆಸರು ಹಾಕಿದ್ರೆ ದೊಡ್ಡವಳಾದ್ಮೇಲೆ ನನ್ನನ್ನ ಬಿಡಲ್ಲ 😄 ಪಕ್ಕದ ಮನೆ ಹುಡುಗ ಹತ್ತೂವರೆ ತಿಂಗಳಿಗೇ ನಡೆದುಬಿಟ್ಟ. ಅಲ್ಲಿಂದ ಶುರು. "ಯಾವಾಗ್ಲೂ ಎತ್ಕೊಂಡೇ ಇರ್ತೀಯ, ಕಾಲು ನೆಲಕ್ಕೆ ತಾಗಿದ್ರೆ ತಾನೇ?" "ಎಣ್ಣೆ ಸರಿಯಾಗಿ ತಿಕ್ಕಿಲ್ಲ ಅನ್ಸುತ್ತೆ." "ಹಾಲು ಸಾಲ್ತಿಲ್ವೇನೋ." ಅಕ್ಕ ಎಲ್ಲಾದಕ್ಕೂ ನಕ್ಕು ಸುಮ್ಮನಾಗ್ತಿದ್ಲು. ರಾತ್ರಿ ಮಾತ್ರ ಪುಟ್ಟಿ ಮಲಗಿದ್ಮೇಲೆ ಫೋನ್ ಹಿಡ್ಕೊಂಡು ಅದನ್ನೇ ಹುಡುಕ್ತಾ ಕೂರ್ತಿದ್ಲು.

ಅದಕ್ಕೇ ಈ ಸರಣಿ. ನಮ್ಮ ಫಿಸಿಯೋಥೆರಪಿ ಕ್ಲಾಸಲ್ಲಿ ಈ ಚಾರ್ಟನ್ನ ಪರೀಕ್ಷೆಗಂತ ಬಾಯಿಪಾಠ ಮಾಡಿದ್ವಲ್ಲ, ಅದೇ ವಿಷ್ಯ. ಆದ್ರೆ ಚಾರ್ಟಲ್ಲಿ ನೋಡೋದು ಬೇರೆ, ಹಾಲ್‌ನಲ್ಲಿ ನೋಡೋದು ಬೇರೆ.

2/4

ಮಕ್ಕಳು ಇದ್ದಕ್ಕಿದ್ದಂಗೆ ನಡೆಯಲ್ಲ. ಮೊದಲೇ ಸೂಚನೆ ಕೊಡ್ತಾರೆ. ನೋಡೋ ಕಣ್ಣು ಬೇಕು ಅಷ್ಟೇ.

👣 ಹಿಡ್ಕೊಂಡು ಏಳೋದು. ದಿವಾನ, ಕಿಟಕಿ ಸರಳು, ಅಜ್ಜಿಯ ಸೀರೆ ನೆರಿಗೆ, ಕೈಗೆ ಏನು ಸಿಕ್ಕಿದ್ರೂ ಸರಿ.

👣 ಮತ್ತೆ ಕೂರೋದು. ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ! ಪುಟ್ಟಿ ಮೊದಮೊದಲು ಎದ್ದು ನಿಂತು ಜೋರಾಗಿ ಅಳ್ತಿದ್ಲು. ಹಠ ಅಲ್ಲ, ಇಳಿಯೋದು ಹೇಗೆ ಅಂತ ಗೊತ್ತಿರ್ಲಿಲ್ಲ. ಒಂದಿನ ಮಂಡಿ ಮಡಚಿ ಮೆಲ್ಲಗೆ ಕೂತ್ಲು. ಮಂಡಿ ಬಗ್ಗಿಸಿ ಭಾರ ತಡೆಯೋದು ಬಂತು ಅಂದ್ರೆ ನಡಿಗೆಗೆ ಬೇಕಾದ ದೊಡ್ಡ ಪಾಠ ಮುಗೀತು ಅಂತ.

👣 ಏಡಿ ಥರ ಪಕ್ಕಕ್ಕೆ ಹೋಗೋದು. ದಿವಾನದ ಅಂಚು ಹಿಡಿದು ಈ ತುದಿಯಿಂದ ಆ ತುದಿಗೆ. ಒಂದು ಕಾಲೆತ್ತಿದಾಗ ಇಡೀ ಮೈಭಾರ ಇನ್ನೊಂದು ಕಾಲ ಮೇಲೆ ಬರುತ್ತೆ. ನಡೆಯೋದು ಅಂದ್ರೆ ಇದೇ ತಾನೇ?

👣 ಒಂದು ಕೈ ಬಿಡೋದು, ಪ್ಲಾಸ್ಟಿಕ್ ಚೇರ್ ತಳ್ಕೊಂಡು ಹೋಗೋದು.

👣 ಏನೂ ಹಿಡೀದೇ ನಿಲ್ಲೋದು. ಎಷ್ಟೋ ಸಲ ಮಗುಗೇ ಗೊತ್ತಿರಲ್ಲ. ಎರಡೂ ಕೈಲಿ ರಿಮೋಟ್ ಇರುತ್ತೆ, ಅದನ್ನ ನೋಡ್ತಾ ಎರಡು ಸೆಕೆಂಡ್ ನಿಂತಿರುತ್ತೆ. ಕೈ ಬಿಟ್ಟಿದೀನಿ ಅಂತ ಅರಿವಾದ ತಕ್ಷಣ ದೊಪ್ ಅಂತ ಕೂತ್ಕೊಳುತ್ತೆ 🙈

ಇದೆಲ್ಲ ಆದ್ಮೇಲೆ ಬರೋದು ತಪ್ಪು ಹೆಜ್ಜೆ. ಕಾಲು ಅಗಲ, ಕೈ ಎರಡೂ ಮೇಲೆ, ಹೊಟ್ಟೆ ಮುಂದೆ. ಕನ್ನಡದಲ್ಲಿ ಅದನ್ನ ತಪ್ಪು ಹೆಜ್ಜೆ ಅಂತಾನೇ ಕರೀತೀವಿ ನೋಡಿ, ಆದ್ರೂ ಆ ತಪ್ಪಿಗೆ ಮನೆಯೆಲ್ಲ ಚಪ್ಪಾಳೆ!

3/4

ಈಗ ವಯಸ್ಸಿನ ಮಾತು. ಇದನ್ನ ಸೇವ್ ಮಾಡಿಟ್ಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನ ಗಮನಿಸಿ 2006ರಲ್ಲಿ ಲೆಕ್ಕ ಕೊಟ್ಟಿದೆ. ತಾನಾಗಿ ನಡೆಯೋಕೆ ಅದು ಹಾಕಿದ ಅವಧಿ 8.2 ತಿಂಗಳಿಂದ 17.6 ತಿಂಗಳು. ಅಂದ್ರೆ ಸುಮಾರು ಒಂಬತ್ತು ತಿಂಗಳ ಅಂತರ! ಪಕ್ಕದ ಮನೆ ಹುಡುಗನೂ ಅದರೊಳಗೇ, ನಮ್ಮ ಪುಟ್ಟಿನೂ ಅದರೊಳಗೇ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಟ್ಟಿರ್ಲಿಲ್ಲ.

ಇನ್ನೊಂದು ಮುಖ್ಯ ವಿಷ್ಯ. ಪುಟ್ಟಿ ಹುಟ್ಟಿದ್ದು 32 ವಾರಕ್ಕೆ. 40 ವಾರಕ್ಕೆ ಬರಬೇಕಾದವಳು 8 ವಾರ ಮುಂಚೆ ಬಂದ್ಲು. ಹಾಗೆ ಬೇಗ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡುವಾಗ ಸುಮಾರು ಎರಡು ವರ್ಷದವರೆಗೆ ಆ ವಾರಗಳನ್ನ ವಯಸ್ಸಿಂದ ಕಳೀಬೇಕು. ಒಂದು ರಾತ್ರಿ ನಾನೂ ಅಕ್ಕನೂ ಕ್ಯಾಲೆಂಡರ್ ಮುಂದೆ ಕೂತು ಕಳೆದ್ವಿ. 13 ಅಲ್ಲ, 11. ಅಕ್ಕ ಆ ಸಂಖ್ಯೆಯನ್ನೇ ಸ್ವಲ್ಪ ಹೊತ್ತು ನೋಡಿದ್ಲು. ಆಮೇಲೆ "ಹಂಗಾದ್ರೆ ಎರಡು ತಿಂಗಳಿಂದ ಸುಮ್ಮನೆ ಬೈಸ್ಕೊಂಡ್ನಾ ಕಣೇ?" ಅಂದ್ಲು. ನಗ್ತಾನೇ ಅಂದ್ಲು, ಆದ್ರೆ ಕಣ್ಣು ತುಂಬಿತ್ತು.

ಮರುವಾರ ಮಕ್ಕಳ ಡಾಕ್ಟರೂ ಪುಟ್ಟಿನ ನಿಲ್ಲಿಸಿ, ಕೂರಿಸಿ, ಕಾಲು ಮಡಚಿ ನೋಡಿ ಅದೇ ಲೆಕ್ಕ ಹೇಳಿದ್ರು.

ಹಾಗಂತ ಎಲ್ಲಾದಕ್ಕೂ "ಬರುತ್ತೆ ಬಿಡು" ಅಂತ ಕೂರಬೇಡಿ. 18 ತಿಂಗಳಾದ್ರೂ ನಡೀದಿದ್ರೆ, ಒಂದೇ ಕಡೆ ಕೈಕಾಲು ಬಳಸ್ತಿದ್ರೆ, ಕಾಲು ತೀರಾ ಬಿಗಿ ಅಥವಾ ತೀರಾ ಸಡಿಲ ಅನ್ಸಿದ್ರೆ, ಯಾವಾಗ್ಲೂ ತುದಿಗಾಲಲ್ಲೇ ನಿಲ್ತಿದ್ರೆ, ಬರ್ತಿದ್ದದ್ದು ಬಿಟ್ಟುಹೋದ್ರೆ ಡಾಕ್ಟರ್ ಹತ್ರ ಹೋಗಿ. ತಾಯಿ ಕಾರ್ಡಲ್ಲೂ ಈ ಹಂತಗಳ ಪಟ್ಟಿ ಇದೆ, ತೆಗೆದು ನೋಡಿ. ಅಂಗನವಾಡಿಗೆ ಬರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬೆಳವಣಿಗೆ ತಡವಾಗಿದೆಯಾ ಅಂತಾನೂ ನೋಡುತ್ತೆ, ದುಡ್ಡಿಲ್ಲದೆ.

4/4

ಕೊನೇದು ವಾಕರ್. ಭಾವ ತರ್ತೀನಿ ಅಂತ ಹೊರಟಿದ್ರು, ಪ್ರೀತಿಯಿಂದಾನೇ. ನಾನು ಅಡ್ಡ ನಿಂತೆ.

ಕೆನಡಾದಲ್ಲಿ 2004ರಿಂದ ಬೇಬಿ ವಾಕರ್ ಮಾರೋದೇ ನಿಷೇಧ, ಗೊತ್ತಾ? ಅದರಲ್ಲಿ ಕೂತ ಮಗು ನಾವು ಓಡಿ ಹಿಡಿಯೋದ್ರೊಳಗೆ ಮೆಟ್ಟಿಲ ಹತ್ರ ಇರುತ್ತೆ, ಬಿಸಿ ಸಾರಿನ ಪಾತ್ರೆ ಕೈಗೆಟುಕುತ್ತೆ. ಅಲ್ದೆ ಅದು ನಡಿಗೆ ಕಲಿಸೋದೂ ಇಲ್ಲ. ಭಾರವೆಲ್ಲ ಸೀಟ್ ಮೇಲೆ, ಮಗು ತುದಿಗಾಲಲ್ಲಿ ತಳ್ತಾ ಇರುತ್ತೆ. ಬ್ಯಾಲೆನ್ಸ್ ಯಾವಾಗ ಕಲಿಯೋದು?

ಬೀಳೋದೂ ಪಾಠಾನೇ. ನ್ಯೂಯಾರ್ಕಲ್ಲಿ ಕರೆನ್ ಅಡಾಲ್ಫ್ ಅನ್ನೋ ಸಂಶೋಧಕಿ ಮತ್ತು ಅವರ ತಂಡ 12ರಿಂದ 19 ತಿಂಗಳ ಮಕ್ಕಳು ಆಡೋದನ್ನ ನೋಡಿ ಎಣಿಸಿದ್ರು. 2012ರಲ್ಲಿ ಪ್ರಕಟವಾದ ಲೆಕ್ಕ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳೋದು. ನಾವು ಒಂದು ಇಂಟರ್ನಲ್ಸ್‌ನಲ್ಲಿ ಬಿದ್ರೆ ಒಂದು ವಾರ ಸ್ಟೇಟಸ್ ಹಾಕ್ತೀವಿ 😅

ನಮ್ಮನೇಲಿ ಮಾಡಿದ್ದು ಇಷ್ಟೇ. ಮನೆಯೊಳಗೆ ಬರಿಗಾಲು, ಕಾಲ್ಬೆರಳಿಗೆ ನೆಲ ಸಿಗಲಿ ಅಂತ. ಚೂಪು ಅಂಚಿನ ಟೀಪಾಯಿ ಮಹಡಿಗೆ ಹೋಯ್ತು. ಸಂಪ್ ಮುಚ್ಚಳ ಭದ್ರ ಮಾಡಿದ್ವಿ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇಡಲ್ಲ, ಬಾಗಿಲು ಸದಾ ಹಾಕಿರುತ್ತೆ. ಉಳಿದಿದ್ದು ಪುಟ್ಟಿಯ ಕೆಲಸ.

ಮೊನ್ನೆ ಯಾರೋ ಮತ್ತೆ "ಇನ್ನೂ ಇಲ್ವಾ?" ಅಂದಾಗ ಉತ್ತರ ಕೊಟ್ಟಿದ್ದು ನಾನಲ್ಲ, ಚಾರ್ಟೂ ಅಲ್ಲ. ಅಜ್ಜಿ. "ಇವರಮ್ಮ ನಡೆದಿದ್ದು ಹದಿನೈದು ತಿಂಗಳಿಗೆ. ಆಮೇಲೆ ಇವತ್ತಿನವರೆಗೂ ಕೂತಿಲ್ಲ, ನೋಡ್ತಿದೀಯಲ್ಲ" ಅಂದ್ರು. ಅಡುಗೆಮನೆಯಿಂದ ನಮ್ಮಮ್ಮ ನಕ್ಕಿದ್ದು ಹಾಲ್‌ಗೆ ಕೇಳಿಸ್ತು. ಅಕ್ಕನೂ ನಕ್ಕಳು, ಈ ಸಲ ಸರಿಯಾಗಿ.

ಪುಟ್ಟಿ ಇನ್ನೂ ನಡೆದಿಲ್ಲ. ನಡೆದ ದಿನ ವಿಡಿಯೋ ಹಾಕು ಅಂತ ಕೇಳ್ಬೇಡಿ, ಆ ದಿನ ಫೋನ್ ಕೈಲಿರಲ್ಲ. ನಿಮ್ಮಿಂದ ಒಂದೇ ಒಂದು ಬೇಕು. ಮುಂದಿನ ಸಲ ಚಿಕ್ಕ ಮಗು ಇರೋ ಮನೆಗೆ ಹೋದಾಗ "ನಡೀತಾಳಾ?" ಅನ್ನೋ ಬದಲು "ಏನೇನು ಕಲ್ತಿದಾಳೆ?" ಅಂತ ಕೇಳಿ ನೋಡಿ. ಅಮ್ಮಂದಿರ ಹತ್ರ ಹೇಳೋಕೆ ಎಷ್ಟಿರುತ್ತೆ ಗೊತ್ತಾ!

ನೀವು ಎಷ್ಟು ತಿಂಗಳಿಗೆ ನಡೆದ್ರಿ? ಅಮ್ಮನ್ನ ಕೇಳಿ ಕೆಳಗೆ ಬರೀರಿ 👇

#ತಪ್ಪುಹೆಜ್ಜೆ #ಅಂಬೆಗಾಲು #ಚಿಕ್ಕಿಡೈರಿ #ಕನ್ನಡದಲ್ಲಿಫಿಸಿಯೋ