ಒಂದೇ ಹಂದರದ ಎರಡು ಮದುವೆ

ನಮ್ಮ ಕುಷ್ಟಗಿ ಕಡೆ ಒಂದು ಲೆಕ್ಕವಿದೆ. ದೊಡ್ಡ ಮಗಳ ಮದುವೆಗೆ ಹಾಕಿದ ಹಂದರದಲ್ಲೇ ಸಣ್ಣಾಕೆಯದನ್ನೂ ಮುಗಿಸಿದರೆ ಹಂದರ ಒಂದೇ, ಅಡುಗೆ ಒಂದೇ, ಸಾಲವೂ ಒಂದೇ. 2018ರ ಮೇ ತಿಂಗಳಲ್ಲಿ ಅಪ್ಪ ಹಾಕಿದ್ದು ಇದೇ ಲೆಕ್ಕ. ಅಕ್ಕನಿಗೆ 19, ನನಗೆ 15. ಗಂಡುಗಳು ಅಣ್ಣತಮ್ಮಂದಿರು. ನಾನು ಒಂಬತ್ತನೆಯ ತರಗತಿ ಮುಗಿಸಿದ್ದೆ.

ಸಾಲಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಮಳೆ ಕೈಕೊಟ್ಟರೆ ಅಪ್ಪ, ಅವ್ವ ಮಂಗಳೂರಿಗೆ ದುಡಿಯಲು ಹೋಗುತ್ತಿದ್ದರು. ಅಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಊರಲ್ಲಿ ಕಣ್ಣು ಮಂಜಾದ ಅಜ್ಜಿ ಮತ್ತು ನಾವಿಬ್ಬರು. ಅಕ್ಕ ಹೋದ ಮೇಲೆ ನಾನೊಬ್ಬಳೇ. “ಹರೇಕ ಬಂದಾಕಿನ್ನ ಯಾರ ಕೈಯಾಗ ಬಿಟ್ಟು ಹೋಗೂದು?” ಎಂದು ಅವ್ವ ಕೇಳಿದರೆ ಮನೆಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಅರಿಷಿಣ ಹಚ್ಚಿದ ಸಂಜೆ ಜೀಪು ಬಂತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರು. ಅಧಿಕಾರಿಗಳು, ಪೊಲೀಸರು, ಶಾಲೆಯಿಂದ ತಂದ ನನ್ನ ಹುಟ್ಟಿದ ದಿನಾಂಕದ ದಾಖಲೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಬಂದಮೇಲೆ ಇಂಥ ಮದುವೆ ನಡೆದರೂ ಕಾನೂನಿನ ಲೆಕ್ಕಕ್ಕೆ ಮದುವೆಯೇ ಅಲ್ಲ ಎಂದು ತಿಳಿಸಿ, ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ರಾತ್ರಿ ಬೇರೆ ಊರಿನ ಗುಡಿಗೆ ಒಯ್ದು ತಾಳಿ ಕಟ್ಟಿಸಿಬಿಡುತ್ತಾರೆ ಎಂಬ ಅನುಮಾನ ಅವರಿಗೆ. ಹಾಗೆ ಮಾಡಿದವರು ನಮ್ಮ ಸೀಮೆಯಲ್ಲಿ ಇದ್ದಾರೆ. ನನ್ನನ್ನು ಜೀಪಿಗೆ ಹತ್ತಿಸಿದರು.

ಮದುವೆ ನಿಲ್ಲಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಮುಂದಿನದನ್ನು ಕೇಳಿದವರು “ಹಾಗಾದರೆ ಅವರು ಬರಬಾರದಿತ್ತಾ?” ಎನ್ನುತ್ತಾರೆ, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ. ಬರಬೇಕಿತ್ತು.

24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹಾಜರುಪಡಿಸಿದರು. ಅಲ್ಲಿಂದ ಬಾಲಮಂದಿರ. ಅಂಗೈಯ ಮೆಹಂದಿ ಕೆಂಪಗೇ ಇತ್ತು, ಉಳಿದ ಹುಡುಗಿಯರು ಕೈ ಹಿಡಿದು ತಿರುಗಿಸಿ ನೋಡುತ್ತಿದ್ದರು. ಪೊಲೀಸರಿಗೆ ಹೇಳಿದ್ದನ್ನೇ ಸಮಿತಿಗೆ, ಸಮಿತಿಗೆ ಹೇಳಿದ್ದನ್ನೇ ಆಪ್ತಸಮಾಲೋಚಕರಿಗೆ, ಅವರಿಗೆ ಹೇಳಿದ್ದನ್ನೇ ವರದಿ ಬರೆಯಲು ಬಂದವರಿಗೆ ಹೇಳಿದೆ. ಸಮಾಲೋಚಕರು ಬಣ್ಣದ ಪೆನ್ಸಿಲ್ ಕೊಟ್ಟು ಮರ ಬರೆ, ಕೊಂಬೆಯ ಮೇಲೆ ನಿನ್ನ ಆಸೆಗಳನ್ನು ಬರೆ ಎಂದರು. ಯಾವ ಉತ್ತರ ಬರೆದರೆ ಅವರ ಮುಖ ಅರಳುತ್ತದೆ ಎಂದು ಬೇಗ ಗೊತ್ತಾಯಿತು. “ಓದಬೇಕು, ಟೀಚರ್ ಆಗಬೇಕು” ಎಂದು ಬರೆದೆ. ಅದೇ ಫೈಲಿಗೆ ಹೋಯಿತು.

ನನಗೆ ಬೇಕಾಗಿದ್ದದ್ದು ಒಂದೇ ಸುದ್ದಿ: ಅಕ್ಕನ ಮದುವೆ ಆಯಿತೋ ಇಲ್ಲವೋ. ಯಾರೂ ಹೇಳಲಿಲ್ಲ. ಕೇಳಿದರೆ “ಅದನ್ನೆಲ್ಲ ತಲೆಗೆ ಹಚ್ಚಿಕೊಬ್ಯಾಡ, ನಿನ್ನ ಭವಿಷ್ಯ ನೋಡ್ಕೋ” ಎಂದರು. ನನ್ನಿಂದ ಅಕ್ಕನ ಹಸೆಯೂ ಎದ್ದುಹೋಗಿದ್ದರೆ ಮನೆಗೆ ಯಾವ ಮುಖ ಹೊತ್ತು ಹೋಗಲಿ? ರಾತ್ರಿ ಎದ್ದು ಕೂರುತ್ತಿದ್ದೆ. ‘ಹೊಂದಿಕೊಳ್ಳುತ್ತಿಲ್ಲ’ ಎಂದು ಬರೆದುಕೊಂಡರು. ಕೊನೆಗೆ ಅವ್ವ ನೋಡಲು ಬಂದಾಗ ತಿಳಿಯಿತು: ಮದುವೆ ಆಗಿತ್ತು. ಹಂದರದ ಖರ್ಚಿನ ಪಾಲು ವಾಪಸು ಕೊಡಿ ಎಂದು ಬೀಗರು ಜಗಳ ತೆಗೆದಿದ್ದರು.

ಮನೆಗೆ ಮರಳಿದಾಗ ಮುಂಗಾರು ಶುರುವಾಗಿತ್ತು. ಓಣಿಯಲ್ಲಿ ನನಗೆ ಹೊಸ ಹೆಸರು, ‘ಜೀಪು ಹತ್ತಿದಾಕಿ’. ಮದುವೆ ನಿಂತಿತ್ತು, ಮದುವೆಗೆ ಇದ್ದ ಕಾರಣ ನಿಂತಿರಲಿಲ್ಲ. ಅಪ್ಪ, ಅವ್ವ ಮತ್ತೆ ಮಂಗಳೂರಿಗೆ ಹೊರಟರು. ದಸರೆಗೆ ಬಂದಾಗ ಯಾರಿಗೂ ತಿಳಿಯದ ಹಾಗೆ ಮುಗಿಸಿಬಿಡೋಣ ಎಂಬ ಮಾತು ನನ್ನ ಕಿವಿಗೂ ಬಿತ್ತು.

ಆಗ ಮಕ್ಕಳ ರಕ್ಷಣಾ ಘಟಕದಿಂದ ಬೇರೊಬ್ಬ ಮೇಡಂ ಬರತೊಡಗಿದರು. ಮೊದಲ ಸಲ ಅವರೂ ಜೀಪಿನಲ್ಲೇ ಬಂದರು, ಫಾರ್ಮ್ ತೆಗೆದು ಪ್ರಶ್ನೆ ಕೇಳಿದರು. ಅಜ್ಜಿ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಮುಂದಿನ ಸಲ ಆಶಾ ಕಾರ್ಯಕರ್ತೆಯ ಜೊತೆ ಬಸ್ಸಿನಲ್ಲಿ ಬಂದರು. ಅಜ್ಜಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಮೇಡಂ ಮೊರ ಎಳೆದುಕೊಂಡು ತಾವೂ ಸುಲಿಯುತ್ತ ಕೂತರು. ಸಣ್ಣ ವಯಸ್ಸಿನ ಹೆರಿಗೆಯ ಅಪಾಯ, ಎರಡು ವರ್ಷದ ಜೈಲು, ಒಂದು ಲಕ್ಷ ದಂಡ, ಇದ್ಯಾವುದನ್ನೂ ಎತ್ತಲಿಲ್ಲ. ಅಜ್ಜಿಗೆ ಅವೆಲ್ಲ ಬಾಯಿಪಾಠವಾಗಿದ್ದವು. “ಅಜ್ಜಿ, ಮಗ ಸೊಸಿ ಅತ್ತ ಹೋದಮ್ಯಾಲ ಈ ಹುಡುಗಿ ರಾತ್ರಿ ಎಲ್ಲಿ ಮಲಗ್ತಾಳ?” ಎಂದು ಕೇಳಿದರು.

ಅಜ್ಜಿ ಬಾಯಿ ಬಿಟ್ಟಳು. ಬಾಗಿಲಿಗೆ ಅಗಳಿಯಿಲ್ಲದ್ದು, ಸಂಜೆ ಕಟ್ಟೆಯ ಮೇಲೆ ಕೂರುವ ಹುಡುಗರು, ಓಣಿಯಲ್ಲಿ ಹಿಂದೆ ಆದ ಒಂದು ಪ್ರಕರಣ. ಜೀಪು, ಮುಚ್ಚಳಿಕೆ, ಬಾಲಮಂದಿರ ಎಲ್ಲ ದಾಟಿ ಬಂದರೂ ನಮ್ಮ ಮನೆಯ ಭಯ ಏನೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮೇಡಂ ಮೊದಲು ಸರ್ಕಾರದ ಪ್ರಾಯೋಜಕತ್ವದ ಹಣ ಕೊಡಿಸುತ್ತೇನೆ ಎಂದರು. (ಮಿಷನ್ ವಾತ್ಸಲ್ಯದಲ್ಲಿ ಈಗ ಅದು ತಿಂಗಳಿಗೆ 4,000 ರೂಪಾಯಿ, ಆಗ ಅಷ್ಟಿರಲಿಲ್ಲ.) ಅಪ್ಪ ಫೋನಿನಲ್ಲಿ, “ರೊಕ್ಕ ಬ್ಯಾಡ್ರಿ, ಹುಡುಗಿ ಇರಾಕ ಜಾಗ ತೋರಸ್ರಿ” ಎಂದ. ಅವರು ವಾದಿಸಲಿಲ್ಲ, ಹಣದ ಮಾತು ಬಿಟ್ಟು ತಾಲ್ಲೂಕಿನ ಬಿಸಿಎಂ ಹಾಸ್ಟೆಲ್ ಹಿಂದೆ ಬಿದ್ದರು. ಪ್ರವೇಶ ಮುಗಿದಿತ್ತು, ಹೇಗೋ ಸೀಟು ಹುಟ್ಟಿಸಿದರು. ಅಜ್ಜಿಯನ್ನೂ ಕರೆದುಕೊಂಡು ಹೋಗಿ ಗೇಟು, ಕಾಂಪೌಂಡು, ವಾರ್ಡನ್ ಎಲ್ಲ ತೋರಿಸಿದರು. ಒಪ್ಪಿಗೆ ಸಿಕ್ಕಿದ್ದು ಆ ಗೇಟಿನ ಬೀಗ ನೋಡಿದ ಮೇಲೆ.

ಹಾಗೆಂದು ಅವರು ಮಾಡಿದ್ದೆಲ್ಲ ಸರಿ ಬೀಳಲಿಲ್ಲ. ಊರ ಸಭೆಯಲ್ಲಿ ಹೆಸರು ಹೇಳದೆ ನನ್ನ ಉದಾಹರಣೆ ಕೊಟ್ಟರು. ಇಡೀ ಊರು ತಿರುಗಿ ನಮ್ಮ ಮನೆಯವರನ್ನು ನೋಡಿತು. ಆಮೇಲೆ ಅಂಥ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಕ್ಕನನ್ನು ಗಂಡನ ಮನೆಯಲ್ಲಿ ಚುಚ್ಚುತ್ತಿದ್ದಾರೆ, ಒಮ್ಮೆ ಹೋಗಿಬನ್ನಿ ಎಂದು ಬೇಡಿಕೊಂಡೆ. “ಅಕಿಗೆ ಹದಿನೆಂಟು ದಾಟೈತವ್ವ, ನಮ್ಮ ಕೆಲಸದಾಗ ಬರಂಗಿಲ್ಲ” ಎಂದರು. ಕಾನೂನಿನಲ್ಲಿ ಅದು ನಿಜವೇ. ನನ್ನ ಮದುವೆ ನಿಂತದ್ದರ ದಂಡವನ್ನು ಅಕ್ಕ ಇನ್ನೂ ಕಟ್ಟುತ್ತಿದ್ದಾಳೆ.

ಬಾಲ್ಯವಿವಾಹ ತಡೆಯಲು ಒಂದೊಂದು ಸಮುದಾಯಕ್ಕೆ ತಕ್ಕ ದಾರಿ ಬೇಕು, ಶಿಕ್ಷೆಗಿಂತ ಮೊದಲು ತಡೆ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಮೇಡಂ ಅದನ್ನು ಅಜ್ಜಿಯ ಮೊರದ ಮುಂದೆ ಕಲಿತಿದ್ದರು.

ನಾನು ಟೀಚರ್ ಆಗಲಿಲ್ಲ, ನರ್ಸಿಂಗ್ ಓದಿದೆ. ಈಚೆಗೆ ನಮ್ಮ ವಾರ್ಡಿಗೆ ಬಸುರಿ ಹುಡುಗಿಯೊಬ್ಬಳನ್ನು ಕರೆತಂದರು. ಚೀಟಿಯಲ್ಲಿ 19 ಎಂದು ಬರೆಸಿದ್ದರು, ಆಧಾರ್ ನೋಡಿದರೆ 17 ತುಂಬಿರಲಿಲ್ಲ. ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಬಿಡುವ ಅಧಿಕಾರ ನನಗಿಲ್ಲ. ತಿಳಿಸಿದೆ. ಹೇಳಿಕೆ ಪಡೆಯುವವರು ಸಮವಸ್ತ್ರದಲ್ಲಿ ಇರಬಾರದು ಎಂದು ಅದೇ ಕಾಯ್ದೆಯಲ್ಲಿದೆ, ಅದನ್ನೂ ನೆನಪಿಸಿದೆ. ಅವಳಿಂದ ಒಂದೇ ಸಲ ಕೇಳಿ ಬರೆದುಕೊಳ್ಳಿ, ಮನೆಯಲ್ಲಿ ಏನಾಗುತ್ತಿದೆ ಎಂದು ಅವಳಿಗೂ ಹೇಳುತ್ತಿರಿ ಎಂದೆ. ಬಂದರು. ಸಮವಸ್ತ್ರ ಇರಲಿಲ್ಲ, ಜೀಪು ಇತ್ತು. ಅದನ್ನು ಗೇಟಿನ ಹೊರಗೆ ನಿಲ್ಲಿಸಿ ಎಂದು ಹೇಳಿ, ಅವಳ ಬಿಪಿ ನೋಡಲು ಒಳಗೆ ಹೋದೆ.