ಗುಬ್ಬಿಗೆ ಬಂದ ಪಾದ್ರಿ ಹುಡುಗ

ನಮ್ಮ ಮನೆಗಳಲ್ಲಿ ಇಪ್ಪತ್ತು ವರ್ಷದ ಹುಡುಗನನ್ನು ಯಾರೂ ದೊಡ್ಡವನೆಂದು ಎಣಿಸುವುದಿಲ್ಲ. ಅರ್ಧ ಕಿಲೋ ತೊಗರಿಬೇಳೆ ತರಲು ಅಂಗಡಿಗೆ ಕಳುಹಿಸಿದರೂ, ‘ಚಿಲ್ಲರೆ ಎಣಿಸಿಕೊಂಡು ಬಾ’ ಎಂಬ ಎಚ್ಚರಿಕೆ ಅವನ ಬೆನ್ನ ಹಿಂದೆಯೇ ಹೊರಡುತ್ತದೆ. ಪರವೂರಿಗೆ ಪರೀಕ್ಷೆ ಬರೆಯಲು ಹೊರಟರಂತೂ ಚಕ್ಕುಲಿಯ ಡಬ್ಬ, ನೀರಿನ ಬಾಟಲು, ಸ್ವೆಟರು, ತಲುಪಿದೊಡನೆ ಫೋನು ಮಾಡಬೇಕೆಂಬ ಆಣೆ, ಇವಿಷ್ಟೂ ಜೊತೆಗೂಡುತ್ತವೆ. ಇಂತಹ ವಯಸ್ಸಿನಲ್ಲಿ ಒಬ್ಬ ಹುಡುಗ 1839ರಲ್ಲಿ ಸಮುದ್ರ ದಾಟಿ, ಮದರಾಸಿನಲ್ಲಿ ಇಳಿದು, ಬೆಂಗಳೂರನ್ನು ಹಾದು, ತುಮಕೂರಿನ ಆಚೆಯ ಗುಬ್ಬಿಯಲ್ಲಿ ಬಿಡಾರ ಮಾಡಿದನೆಂದರೆ, ಅವನ ತಾಯಿ ಆ ದಿನಗಳನ್ನು ಹೇಗೆ ಕಳೆದಿರಬೇಕೆಂಬ ಯೋಚನೆಯೇ ನನಗೆ ಮೊದಲು ಬರುತ್ತದೆ. ಅವನ ಮತ, ಅವನ ಉದ್ದೇಶ, ಅವನ ಸರಿ ತಪ್ಪುಗಳ ವಿಚಾರ ಅನಂತರದ್ದು.

ಆ ಹುಡುಗನ ಹೆಸರು ವಿಲಿಯಂ ಆರ್ಥರ್. ಐರ್ಲೆಂಡಿನ ಆಂಟ್ರಿಮ್ ಸೀಮೆಯವನು, ಹುಟ್ಟಿದ್ದು 1819ರಲ್ಲಿ. ವೆಸ್ಲಿಯನ್ ಮೆಥಡಿಸ್ಟ್ ಪಂಗಡದ ಪಾದ್ರಿಯಾಗಿ ಬಂದವನು. ದೊಡ್ಡ ಪದವಿಗಳನ್ನು ಪಡೆದದ್ದೆಲ್ಲ ಆಮೇಲೆ. ಗುಬ್ಬಿಯ ಮಟ್ಟಿಗೆ ಅವನು ಮೀಸೆ ಬಲಿಯುವ ವಯಸ್ಸಿನವನು. ಆದುದರಿಂದ ಅವನನ್ನು ‘ಅವರು’ ಎನ್ನಲು ನನ್ನ ಲೇಖನಿ ಒಪ್ಪುತ್ತಿಲ್ಲ. ಅವನಿಗಿಂತ ಮುಂಚೆ, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ಪಾದ್ರಿ ಗುಬ್ಬಿಯಲ್ಲಿ ಮಿಷನ್ನಿನ ಕೆಲಸವನ್ನು ಆರಂಭಿಸಿದ್ದರು. ಕ್ರಮೇಣ ಅವರ ಪಂಗಡದ ಠಾಣೆಗಳ ಪಟ್ಟಿಯಲ್ಲಿ ಗುಬ್ಬಿ, ತುಮಕೂರು, ಕುಣಿಗಲ್ ಮೂರೂ ಸೇರಿಕೊಂಡವು. ಲಂಡನ್ನಿನಲ್ಲಿ ಅಚ್ಚಾದ ಆ ಪಟ್ಟಿಗಳಲ್ಲಿ ನಮ್ಮ ಕುಣಿಗಲ್ಲು ‘ಕೂಂಗಲ್’ ಎಂದು ವೇಷ ಮರೆಸಿಕೊಂಡು ನಿಂತಿರುವುದನ್ನು ಕಂಡರೆ ನಗು ಬರುತ್ತದೆ. ನಾಲಗೆ ಇನ್ನೂ ಪಳಗಿರಲಿಲ್ಲ, ಅಷ್ಟೆ.

ಇಂದು ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಕುಳಿತರೆ ಒಂದು ನಿದ್ದೆ ಮುಗಿಯುವ ಮುನ್ನ ಊರು ಬಂದುಬಿಡುತ್ತದೆ. ಆಗ ರೈಲಿಲ್ಲ, ಅದು ಬಂದದ್ದು 1880ರ ದಶಕದಲ್ಲಿ. ಸೂಯೆಜ್ ಕಾಲುವೆಯಿಲ್ಲ, ಅದು ತೆರೆದದ್ದು 1869ರಲ್ಲಿ. ಊರಿಗೆ ಬರೆದ ಕಾಗದ ತಲುಪಿ ಅದಕ್ಕೆ ಉತ್ತರ ಬರುವಷ್ಟರಲ್ಲಿ ರಾಗಿಯ ಬಿತ್ತನೆ ಮುಗಿದು ಕಣ ಮಾಡುವ ಕಾಲ ಬಂದಿರಬೇಕು. ‘ನನಗೆ ಜ್ವರ’ ಎಂದು ಮಗ ಬರೆದರೆ, ತಾಯಿ ಅದನ್ನು ಓದಿ ಅಳುವ ಹೊತ್ತಿಗೆ ಅವನು ಗುಣವಾಗಿರುತ್ತಿದ್ದ, ಇಲ್ಲವೆ ಅವನ ಗೋರಿಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು.

ಅವನು ಬಂದು ಸೇರಿದ ಊರಾದರೂ ಎಂತಹುದು? ಗುಬ್ಬಿ ಬರಿಯ ಹಳ್ಳಿಯಲ್ಲ. ಮಲೆನಾಡಿನ ಅಡಕೆ ತಮಿಳು ಸೀಮೆಯ ವಾಲಾಜಾಪೇಟೆಗೆ ಸಾಗುವ ದಾರಿಯಲ್ಲಿ ಅದೊಂದು ದೊಡ್ಡ ವ್ಯಾಪಾರದ ತಂಗುದಾಣ. ಕೊಬ್ಬರಿ, ಬಟ್ಟೆ, ಧಾನ್ಯಗಳ ಸಂತೆ ಅಲ್ಲಿ ಕೂಡುತ್ತಿತ್ತು. ‘ಭಾವಚಿಂತಾರತ್ನ’ವನ್ನು ಬರೆದ ಹದಿನಾರನೆಯ ಶತಮಾನದ ಮಲ್ಲಣಾರ್ಯ ಆ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತ ಕವಿ. ಊರಿಗೆ ಆ ಹೆಸರು ಬಂದುದಕ್ಕೆ ಹಿರಿಯರು ಹೇಳುವ ಐತಿಹ್ಯವೊಂದುಂಟು: ಅಲ್ಲಿ ನಡೆಯುತ್ತಿದ್ದ ಪುರಾಣಶ್ರವಣಕ್ಕೆ ಎರಡು ಗುಬ್ಬಚ್ಚಿಗಳು ದಿನವೂ ತಪ್ಪದೆ ಬಂದು ಕುಳಿತು ಕೇಳುತ್ತಿದ್ದುವಂತೆ, ಪುರಾಣ ಮುಗಿದ ದಿನ ಅವೂ ಪ್ರಾಣ ಬಿಟ್ಟುವಂತೆ. ಹಕ್ಕಿಗಳೂ ಕುಳಿತು ಧರ್ಮವನ್ನು ಕೇಳಿದ ಊರಿಗೆ ಧರ್ಮವನ್ನು ಹೇಳಲು ಈ ಹುಡುಗ ಬಂದ! ಕೇಳುವುದರಲ್ಲಿ ಪಳಗಿದವರ ಮುಂದೆ ಹೇಳುವುದು ಸುಲಭವೆಂದು ಯಾರಾದರೂ ತಿಳಿದರೆ, ಅವರು ಹರಿಕಥೆಯ ದಾಸರನ್ನು ಕೇಳಿನೋಡಬೇಕು. ಅಂಥವರ ಮುಂದೆಯೇ ನಾಲಗೆ ಒಣಗುವುದು.

ಅವನ ದಿನದ ಮೊದಲ ಕೆಲಸ ಭಾಷೆ. ಮುನ್ಷಿಯ ಎದುರು ಕುಳಿತು ಅಕ್ಷರ ತಿದ್ದಬೇಕು. ನಮಗೆ ಹಾಲಿನೊಡನೆ ಒಳಗಿಳಿದ ಮಾತು ಅವನಿಗೆ ಕಬ್ಬಿಣದ ಕಡಲೆ. ‘ಹಲ್ಲಿ’ ಎಂದರೆ ಗೋಡೆಯ ಮೇಲೆ ಲೊಚಗುಟ್ಟುತ್ತದೆ. ‘ಹಳ್ಳಿ’ ಎಂದರೆ ಜನ ವಾಸಿಸುತ್ತಾರೆ. ‘ಹಲ್ಲಿಗೆ ಹೋಗಿ ಉಪದೇಶ ಮಾಡಿ ಬಂದೆ’ ಎಂದರೆ ಯಾವ ಮುನ್ಷಿಗಾದರೂ ನಗೆ ತಡೆಯಲಾದೀತೆ? ‘ನೀನು’ ಯಾರಿಗೆ, ‘ನೀವು’ ಯಾರಿಗೆ, ‘ತಾವು’ ಯಾರಿಗೆ ಎಂಬುದನ್ನು ವ್ಯಾಕರಣ ಕಲಿಸುವುದಿಲ್ಲ, ಜಗುಲಿ ಕಲಿಸುತ್ತದೆ. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಬರುತ್ತೇನೆ’ ಎನ್ನಬೇಕು. ಇದನ್ನು ಯಾವ ನಿಘಂಟಿನಲ್ಲಿ ಹುಡುಕುವುದು?

ಎಲ್ಲಕ್ಕಿಂತ ತೊಡಕಿನ ಮಾತು ‘ಪಾಪ’ ಎಂಬುದು. ಪಾದ್ರಿಯ ಕಸುಬಿಗೆ ಅದೇ ಮೂಲದ್ರವ್ಯ. ‘ನೀವೆಲ್ಲರೂ ಪಾಪಿಗಳು’ ಎಂಬಲ್ಲಿಂದಲೇ ಅವನ ಉಪದೇಶ ಆರಂಭವಾಗಬೇಕು. ಆದರೆ ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಮುಖವಿದೆ. ಬಿಸಿಲಿನಲ್ಲಿ ಕೆಂಪಾಗಿ ಬೆವರಿಳಿಸುತ್ತ ನಿಂತ ಪರದೇಶದ ಹುಡುಗ ‘ಪಾಪ, ಪಾಪ’ ಎಂದು ಸಾರುತ್ತಿದ್ದರೆ, ಎದುರಿಗಿದ್ದ ಮುದುಕಿ ಅವನ ಮುಖವನ್ನು ನೋಡಿ ತಾನೂ ‘ಪಾಪ!’ ಎಂದಿರಬಹುದೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಪದ ಒಂದೇ. ಒಬ್ಬರದು ತೀರ್ಪು, ಇನ್ನೊಬ್ಬರದು ಕರುಣೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಗ ಮೈಸೂರು ಸೀಮೆಯ ಆಡಳಿತ ಇಂಗ್ಲಿಷರ ಕೈಯಲ್ಲಿತ್ತು. 1831ರಿಂದ 1881ರವರೆಗೆ ಅದು ಕಮಿಷನರುಗಳ ಕಾಲ. ಬಿಳಿಯ ಮುಖದ ಹುಡುಗ ಸಂತೆಯಲ್ಲಿ ನಿಂತರೆ ಜನ ಸುತ್ತ ನೆರೆದದ್ದು ಬರಿಯ ಕುತೂಹಲದಿಂದಲ್ಲ. ಅಮಲ್ದಾರನೂ ಕೈಕಟ್ಟಿ ನಿಲ್ಲುವ ಜಾತಿಯವನಿವನು ಎಂಬ ಅಳುಕೂ ಅದರಲ್ಲಿ ಬೆರೆತಿತ್ತು. ನಮ್ಮ ಪೂಜೆ, ನಮ್ಮ ವಿಗ್ರಹ, ನಮ್ಮ ನಂಬಿಕೆಗಳನ್ನು ಕುರಿತು ಆರ್ಥರ್ ಬರೆದಿರುವ ಮಾತುಗಳು ಕಟುವಾದುವು. ಓದುವಾಗ ಮನಸ್ಸು ಮುದುಡುತ್ತದೆ. ಇಪ್ಪತ್ತರ ಹರೆಯಕ್ಕೆ ತನ್ನ ಸತ್ಯದ ಮೇಲೆ ಎಷ್ಟು ಭರವಸೆಯೋ ಇತರರ ಸತ್ಯದ ಬಗೆಗೆ ಅಷ್ಟೇ ಅವಸರ. ಅವನ ಮಾತಿಗೆ ಊರಿನವರು ಎದುರುವಾದ ಹೂಡಿದರು, ನಕ್ಕರು, ಕೆಲವರು ಆಲಿಸಿದರು. ತಮ್ಮ ದೇವರನ್ನು ಬಿಟ್ಟು ಹೊರಟವರು ಬೆರಳೆಣಿಕೆಯವರು.

ಅವನಿಗೆ ಗುಬ್ಬಿ ದಕ್ಕಲಿಲ್ಲ. ಕಣ್ಣು ಕೆಟ್ಟಿತು. ಅಕ್ಷರ ಕಲಿತು ಬಾಯಿ ತೆರೆಯುವಷ್ಟರಲ್ಲಿ ಓದುವ ಶಕ್ತಿಯೇ ಕೈಕೊಟ್ಟು, 1841ರಲ್ಲಿ ಅವನು ತನ್ನ ದೇಶಕ್ಕೆ ಹಿಂದಿರುಗಬೇಕಾಯಿತು. ಅಲ್ಲಿ ತನ್ನ ಪಂಗಡದ ದೊಡ್ಡ ಮುಂದಾಳಾಗಿ, 1866ರಲ್ಲಿ ಅದರ ಅಧ್ಯಕ್ಷಪದವಿಯನ್ನು ಪಡೆದು, 1901ರವರೆಗೆ ಬಾಳಿದ. ಎಂಬತ್ತೆರಡು ವರ್ಷಗಳ ಆ ಆಯುಸ್ಸಿನಲ್ಲಿ ಗುಬ್ಬಿಯದು ಎರಡು ವರ್ಷವೂ ಪೂರ್ತಿಯಲ್ಲ. ಆದರೂ 1847ರಲ್ಲಿ ಅವನು ಪ್ರಕಟಿಸಿದ ದಪ್ಪ ಪುಸ್ತಕ ಮೈಸೂರು ಸೀಮೆಯನ್ನು ಕುರಿತದ್ದೇ. ಎರಡು ವರ್ಷದ ಊರು ಒಬ್ಬನ ಮನಸ್ಸಿನಲ್ಲಿ ಎಷ್ಟು ಜಾಗ ಹಿಡಿಯಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಂದವರು ಏನನ್ನು ಬಿಟ್ಟುಹೋದರು ಎಂದು ನೋಡಿದರೆ ಲೆಕ್ಕ ವಿಚಿತ್ರವಾಗಿದೆ. ಗುಬ್ಬಿಯಲ್ಲಿ ಕೆಲಸ ಆರಂಭಿಸಿದ ಹಾಡ್ಸನ್ನರು 1859ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಪ್ರಕಟಿಸಿದರು. ಅದೇ ಪಂಗಡದ ಡೇನಿಯಲ್ ಸ್ಯಾಂಡರ್ಸನ್ ಜೈಮಿನಿ ಭಾರತದ ಭಾಗಗಳನ್ನು ಇಂಗ್ಲಿಷಿಗೆ ತಂದರು. ರೀವ್ ಪಾದ್ರಿಯ ಹಳೆಯ ಕೋಶವನ್ನು ತಿದ್ದಿ 1858ರಲ್ಲಿ ಮತ್ತೆ ಅಚ್ಚುಹಾಕಿಸಿದರು. ಬೆಂಗಳೂರಿನ ಅವರ ಮುದ್ರಣಾಲಯದಿಂದ 1849ರಲ್ಲಿ ಹೊರಬಂದ ಪುಸ್ತಕಗಳಲ್ಲೊಂದು ಯಾವುದೆಂದರೆ ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷು ಮೂರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಅದನ್ನು ಹೊರತಂದವರು ಗ್ಯಾರೆಟ್ ಎಂಬ ಪಾದ್ರಿ. ಬಾಸೆಲ್ ಮಿಷನ್ನಿನ ಕಿಟ್ಟೆಲರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಅವರೂ 1853ರಲ್ಲಿ ಬಂದಾಗ ಇಪ್ಪತ್ತೊಂದರ ತರುಣ, ನಿಘಂಟು ಅಚ್ಚಾದ 1894ರಲ್ಲಿ ಅರವತ್ತು ದಾಟಿದ ವೃದ್ಧ. ಇವರೆಲ್ಲ ನಮ್ಮನ್ನು ತಿದ್ದಲು ಬಂದವರು. ಬಹುಮಟ್ಟಿಗೆ ತಿದ್ದಿದ್ದು ನಮ್ಮ ಕರಡಚ್ಚುಗಳನ್ನು. ಅವರ ಉಪದೇಶವನ್ನು ನಾವು ಮರೆತೆವು. ಅವರ ನಿಘಂಟು ನಮ್ಮ ಕಪಾಟಿನಲ್ಲಿದೆ. ಯಾರನ್ನು ಯಾರು ಬದಲಿಸಿದರೆಂದು ಹೇಳುವುದು ಸುಲಭವಲ್ಲ. ಒಂದು ಭಾಷೆಯನ್ನು ಮನಸ್ಸಿಟ್ಟು ಕಲಿತವನು ಅದನ್ನಾಡುವವರನ್ನು ಕೊನೆಯವರೆಗೂ ತುಚ್ಛವಾಗಿ ಕಾಣಲಾರನೆಂದು ಮಾತ್ರ ನನಗೆ ತೋರುತ್ತದೆ.

ಇಂತಹ ಹುಡುಗರ ಕಾಲ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿದಿಲ್ಲವೆಂದು ಹೇಳಿದವಳು ತುಮಕೂರಿನ ನನ್ನ ಅಕ್ಕ. ಅವಳ ಮಗ ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಆರು ತಿಂಗಳು ಇದ್ದು ಬಂದವಳು ನೆರೆಮನೆಯಾಕೆಯ ವಿಚಾರವನ್ನು ಹೇಳಿದಳು. ಆ ಊರು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ರಾಜಧಾನಿಯಿದ್ದಂತೆ. 1830ರಲ್ಲಿ ಸ್ಥಾಪಿತವಾದ ಈ ಪಂಗಡದ ಹುಡುಗರು ಹದಿನೆಂಟು ತುಂಬಿದೊಡನೆ ಎರಡು ವರ್ಷದ ಮಟ್ಟಿಗೆ ಮನೆ ಬಿಟ್ಟು, ಮಠದವರು ಹೇಳಿದ ದೇಶಕ್ಕೆ ಧರ್ಮಪ್ರಚಾರಕ್ಕೆಂದು ಹೊರಡುತ್ತಾರೆ. ಊರನ್ನು ಆರಿಸುವ ಹಕ್ಕು ಅವರಿಗಿಲ್ಲ. ಸಂಬಳವಿಲ್ಲ, ಖರ್ಚಿಗೆ ಮನೆಯವರೋ ಹುಡುಗನೋ ಕೂಡಿಟ್ಟ ಹಣ. ಬಿಳಿಯ ಅಂಗಿ, ಎದೆಯ ಮೇಲೆ ಹೆಸರಿನ ಕರಿಯ ಬಿಲ್ಲೆ, ಯಾವಾಗಲೂ ಇಬ್ಬಿಬ್ಬರ ಜೋಡಿ. ಮುಂಜಾನೆ ಏಳುವುದು, ಓದುವುದು, ಭಾಷೆ ಕಲಿಯುವುದು, ಬಾಗಿಲು ತಟ್ಟುವುದು, ಬಹುಪಾಲು ಬಾಗಿಲುಗಳಿಂದ ‘ಬೇಡ’ ಎನ್ನಿಸಿಕೊಳ್ಳುವುದು. ಬಟ್ಟೆ ಒಗೆಯಲು, ಮನೆಗೆ ಬರೆಯಲು ವಾರಕ್ಕೊಂದು ದಿನ. ಆ ಬಿಲ್ಲೆಯ ಮೇಲೆ ಹುಡುಗರ ಹೆಸರಿಗೆ ಮುಂಚೆ ‘ಎಲ್ಡರ್’, ಎಂದರೆ ‘ಹಿರಿಯ’ ಎಂದಿರುತ್ತದೆ. ಹದಿನೆಂಟು ವರ್ಷದ ಹಿರಿಯ! ಆದರೆ ಇವರ ಬೆನ್ನಿಗೆ ಆರ್ಥರನಿಗಿದ್ದ ಸರಕಾರದ ನೆರಳಿಲ್ಲ. ಬಾಗಿಲು ಹಾಕಿಕೊಂಡರೆ ಹಾಕಿಕೊಂಡದ್ದೇ.

ಇವರ ಹಿಂದಿನ ತಲೆಯವರು 1850ರ ದಶಕದಲ್ಲಿಯೇ ಕಲ್ಕತ್ತ, ಮದರಾಸು, ಮುಂಬಯಿಗಳಿಗೆ ಬಂದು, ಹೆಚ್ಚೇನೂ ಫಲ ಕಾಣದೆ ಹಿಂದಿರುಗಿದ್ದರು. ಇಂದು ಬೆಂಗಳೂರಿನಲ್ಲಿಯೂ ಈ ಪಂಗಡದವರಿದ್ದಾರೆ; ಅಲ್ಲೊಂದು ಮಂದಿರ ಕಟ್ಟಲು 2020ರಲ್ಲಿ ಭೂಮಿಪೂಜೆಯಂತಹ ಸಮಾರಂಭವೂ ನಡೆಯಿತು.

ನೆರೆಮನೆಯಾಕೆಯ ಮಗ ಹೀಗೆ ದೂರದೇಶಕ್ಕೆ ಹೋಗಿದ್ದ. ಅಕ್ಕ ಅವಳನ್ನು ಮನೆಗೆ ಕರೆದು, ನಮ್ಮ ರೂಢಿಯಂತೆ ಮೊದಲು ಕಾಫಿಯ ಲೋಟವನ್ನು ಮುಂದಿಟ್ಟಳಂತೆ. ಆಕೆ ಸಂಕೋಚದಿಂದ ಕೈ ಅಡ್ಡಹಿಡಿದಳು. ಅವರ ಧರ್ಮದಲ್ಲಿ ಕಾಫಿಯೂ ನಿಷಿದ್ಧ, ಚಹವೂ ನಿಷಿದ್ಧ! “ಕಾಫಿ ಕುಡಿಯದವರಿಗೂ ಸ್ವರ್ಗ ಬೇಕೆ?” ಎಂದು ಅಕ್ಕ ನನ್ನನ್ನು ಕೇಳಿದಳು. ಅಂದು ಬಾದಾಮಿ ಹಾಲಿನಿಂದ ಮರ್ಯಾದೆ ಉಳಿಯಿತು. ಇಬ್ಬರಿಗೂ ಮಾತು ಬಾರದು; ಆದರೆ ಇಬ್ಬರೂ ಫೋನಿನಲ್ಲಿ ಮಕ್ಕಳ ಚಿತ್ರಗಳನ್ನು ತೋರಿಸಿಕೊಂಡರು. ಹಿಂದೆ ಈ ಪ್ರಚಾರಕ ಹುಡುಗರು ವರ್ಷಕ್ಕೆ ಎರಡು ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ, ಮಾತ್ರ ಮನೆಗೆ ಫೋನು ಮಾಡಬಹುದಾಗಿತ್ತು. 2019ರಿಂದ ವಾರಕ್ಕೊಮ್ಮೆ ಮಾತನಾಡಲು ಅನುಮತಿಯಾಗಿದೆ. ಆ ದಿನ ಬಂದರೆ ಆಕೆ ಬೆಳಗಿನಿಂದಲೇ ಒಳ್ಳೆಯ ಬಟ್ಟೆ ಉಟ್ಟು ಕುಳಿತಿರುತ್ತಿದ್ದಳಂತೆ.

“ನೋಡಪ್ಪ, ಅವಳ ಮಗನಿಗೆ ದೇವರ ಕೆಲಸ, ನನ್ನ ಮಗನಿಗೆ ಕಂಪ್ಯೂಟರಿನ ಕೆಲಸ. ನಮಗಿಬ್ಬರಿಗೂ ಮಾತ್ರ ಕಾಯುವ ಕೆಲಸ” ಎಂದಳು ಅಕ್ಕ. “ಅವಳ ಮಗ ಎರಡು ವರ್ಷಕ್ಕೆ ಬಂದೇ ಬರುತ್ತಾನೆ ಎಂಬ ಕರಾರಾದರೂ ಇದೆ.”

ಅನಂತರ ಆಕೆ ಮಾತನಾಡಲಿಲ್ಲ. ನಾನೂ ಮಾತನಾಡಲಿಲ್ಲ. ತುಮಕೂರಿನಲ್ಲಿ ಅಂತಹ ಮನೆಗಳು ಬೀದಿಗೆರಡು ಮೂರಿವೆ.

ಊರೂರು ತಿರುಗಿ ಧರ್ಮ ಹೇಳುವುದು ನಮಗೆ ಹೊಸತಲ್ಲ. ಜಂಗಮ ಎಂಬ ಪದದ ಅರ್ಥವೇ ಚಲಿಸುವುದು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸಂನ್ಯಾಸ ಸ್ವೀಕರಿಸಿದಾಗ ಅವರಿಗೂ ಇಪ್ಪತ್ತೆರಡು ವರ್ಷ. ಮಠದ ಮಕ್ಕಳ ಅನ್ನಕ್ಕಾಗಿ ಅವರು ಹಳ್ಳಿಹಳ್ಳಿ ಸುತ್ತಿ ಭಿಕ್ಷೆ ಎತ್ತಿದ್ದನ್ನು ನಮ್ಮ ಜಿಲ್ಲೆಯ ಹಿರಿಯರು ಹೇಳುತ್ತಿದ್ದರು. ಅವರು 2019ರಲ್ಲಿ ಲಿಂಗೈಕ್ಯರಾದಾಗ ಜಾತಿಮತಗಳನ್ನೆಣಿಸದೆ ಊರಿಗೆ ಊರೇ ಅತ್ತಿತು. ಕೊಡುತ್ತೇನೆಂದು ಬಂದವನಿಗಿಂತ ಬೇಡಲು ಬಂದವನಿಗೆ ಜನ ಬೇಗ ಬಾಗಿಲು ತೆರೆಯುತ್ತಾರೆಂಬುದನ್ನು ಆರ್ಥರನಿಗೆ ಯಾರಾದರೂ ಹೇಳಬೇಕಾಗಿತ್ತು. ‘ನಿಮ್ಮಲ್ಲಿ ಇಲ್ಲದುದು ನನ್ನಲ್ಲಿದೆ’ ಎಂಬವನ ಎದುರು ಮನಸ್ಸು ಮುಚ್ಚಿಕೊಳ್ಳುತ್ತದೆ. ‘ನನ್ನಲ್ಲಿ ಇಲ್ಲದುದು ನಿಮ್ಮಲ್ಲಿದೆ’ ಎಂಬವನಿಗೆ ತಾನಾಗಿ ತೆರೆಯುತ್ತದೆ. ಮುನ್ಷಿಯ ಎದುರು ಅಕ್ಷರ ಬೇಡುತ್ತ ಕುಳಿತ ಹೊತ್ತಿನಲ್ಲಿ ಆ ಹುಡುಗ ಗುಬ್ಬಿಗೆ ಅತ್ಯಂತ ಹತ್ತಿರವಾಗಿದ್ದನೆಂದು ನನ್ನ ಎಣಿಕೆ.

ಪರರ ಮಕ್ಕಳು ನಮ್ಮ ಬಾಗಿಲಿಗೆ ಬಂದಾಗ, ಅವರ ಮತ ನಮಗೆ ಬೇಡವಾದರೆ ಬೇಡವೆನ್ನೋಣ, ಸ್ಪಷ್ಟವಾಗಿಯೇ ಎನ್ನೋಣ. ಆದರೆ ಬಿಸಿಲಿನಲ್ಲಿ ಬಂದವರಿಗೆ ಒಂದು ಲೋಟ ನೀರು, ಬೆಲ್ಲವಿದ್ದರೆ ಒಂದು ಚೂರು ಬೆಲ್ಲ ಕೊಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ನಮ್ಮ ಮಕ್ಕಳೂ ಈಗ ಯಾವುದೋ ಊರಿನಲ್ಲಿ, ಯಾರದೋ ಬಾಗಿಲಿನಲ್ಲಿ, ಸರಿಯಾಗಿ ಬಾರದ ಭಾಷೆಯಲ್ಲಿ ಮಾತು ಹುಡುಕುತ್ತ ನಿಂತಿದ್ದಾರು.