ಜೈಲಿನೊಳಗೊಂದು ಕಾಲೇಜು

1994ರಲ್ಲಿ ಅಮೆರಿಕ ಕಾನೂನು ತಂದು ಕೈದಿಗಳಿಗೆ ಕಾಲೇಜು ಓದಲು ಸಿಗುತ್ತಿದ್ದ ‘ಪೆಲ್’ ಎಂಬ ಸರ್ಕಾರಿ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಇದರಿಂದ ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಜೈಲಿನ ಕಾಲೇಜು ತರಗತಿಗಳೂ ಮುಚ್ಚಿಹೋದವು. ಅಲ್ಲಿನ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಅಧಿಕಾರಿಗಳು, ಊರಿನವರು, ಕಾಲೇಜುಗಳವರು ಎಲ್ಲರ ಬೆನ್ನು ಹತ್ತಿ, ಸರ್ಕಾರದ ಆ ದುಡ್ಡಿಲ್ಲದೆಯೇ 1997ರಲ್ಲಿ ತರಗತಿ ಮತ್ತೆ ಶುರುಮಾಡಿಸಿದರು. ಮುಂದೆ ಅದರ ಫಲವನ್ನು ಅಳೆದ ಅಧ್ಯಯನದಲ್ಲಿ ಕೈದಿಗಳೇ ಸಂಶೋಧಕರಾಗಿ ದುಡಿದರು; ನನಗೆ ತುಂಬ ಹಿಡಿಸಿದ ಸಂಗತಿ ಇದು. ಬಿಡುಗಡೆಯಾದ 3 ವರ್ಷದೊಳಗೆ ಜೈಲಿಗೆ ಮರಳಿದವರು, ಕಾಲೇಜು ಓದಿದವರಲ್ಲಿ ಶೇ. 7.7, ಓದದವರಲ್ಲಿ ಶೇ. 29.9. ಅಮ್ಮ ಓದುತ್ತಿದ್ದಾಳೆಂದು ಹೊರಗಿದ್ದ ಮಕ್ಕಳು ಹೆಮ್ಮೆಪಟ್ಟ ಮಾತೂ ಆ ವರದಿಯಲ್ಲಿದೆ. ಪೆಲ್ ನೆರವು ಕೈದಿಗಳಿಗೆ ಪೂರ್ತಿಯಾಗಿ ಮರಳಿದ್ದು 2023ರಲ್ಲಿ. ಅಷ್ಟರೊಳಗೆ ಎಷ್ಟು ತಾಯಂದಿರು ಓದುವ ಆಸೆಯಿದ್ದೂ ಬರಿಗೈಲಿ ಹೊರಬಿದ್ದರೋ!